ಚಳವಳಿಯ ಅಂಚೆಗೆ ಬೀಗ ಬೇಡವೇ?

ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ ಎಂಜಿನಿಯರ್ ಸತ್ಯೇಂದ್ರ ದುಬೆ 2002ರ ನವೆಂಬರಿನಲ್ಲಿ ಪ್ರಧಾನಮಂತ್ರಿಯವರಿಗೆ ಒಂದು ಪತ್ರ ಬರೆದರು. ಸುವರ್ಣ ಚತುರ್ಭುಜ ಹೆದ್ದಾರಿ ಕಾಮಗಾರಿಯಲ್ಲಿ ಹಣ ಹೇಗೆ ಸೋರುತ್ತಿದೆ ಎಂಬ ವಿವರ ಅದರಲ್ಲಿತ್ತು. ಹೆಸರನ್ನು ಗುಟ್ಟಾಗಿಡಬೇಕೆಂಬ ಕೋರಿಕೆಯೂ ಇತ್ತು. ಪತ್ರ ಕಚೇರಿಯಿಂದ ಕಚೇರಿಗೆ, ಮೇಜಿನಿಂದ ಮೇಜಿಗೆ ಸಾಗಿತು; ಬರೆದವರ ಹೆಸರೂ ಅದರ ಜೊತೆಯಲ್ಲೇ ಸಾಗಿತು. 2003ರ ನವೆಂಬರ್ 27ರಂದು ಗಯಾ ಪಟ್ಟಣದಲ್ಲಿ ದುಬೆಯವರ ಕೊಲೆಯಾಯಿತು. ಅದು ದರೋಡೆಕೋರರ ಕೃತ್ಯವೆಂದು ಸಿಬಿಐ ಹೇಳಿತು, 2010ರಲ್ಲಿ ಮೂವರಿಗೆ ಶಿಕ್ಷೆಯೂ ಆಯಿತು. ಕೊಂದವರ ಉದ್ದೇಶ ಏನೇ ಇರಲಿ, ಗುಟ್ಟಾಗಿಡಿ ಎಂದು ಬೇಡಿಕೊಂಡ ಹೆಸರನ್ನು ಹರಾಜಿಗಿಟ್ಟವರ ಮೇಲಿನ ಆರೋಪ ಮಾತ್ರ ಅಳಿಯುವಂಥದ್ದಲ್ಲ.

ಆ ಪ್ರಕರಣ ಬಯಲಾದಾಗ ದೇಶದ ಎಲ್ಲ ಜನಪರ ಸಂಘಟನೆಗಳೂ ಸರ್ಕಾರದ ಬೇಜವಾಬ್ದಾರಿಯನ್ನು ಖಂಡಿಸಿದವು. ಖಂಡಿಸಬೇಕಾದ್ದೇ. ಆದರೆ ಅದೇ ಪ್ರಶ್ನೆಯನ್ನು ಘಟ್ಟದ ಸಂಘಟನೆಗಳತ್ತ ತಿರುಗಿಸಿದರೆ ಉತ್ತರವೇನು? ಅಣೆಕಟ್ಟು, ಗಣಿ, ವಿದ್ಯುತ್ ಮಾರ್ಗ, ರೆಸಾರ್ಟು, ಯಾವುದರ ವಿರುದ್ಧ ಸಮಿತಿ ರಚನೆಯಾದರೂ ಕೆಲವೇ ವಾರಗಳಲ್ಲಿ ಅದರ ಮಿಂಚಂಚೆಗೆ ಬಗೆಬಗೆಯ ಪತ್ರಗಳು ಬರತೊಡಗುತ್ತವೆ. ಇಲಾಖೆಯೊಳಗಿನ ನೌಕರನೊಬ್ಬ ಕಡತದ ಪುಟವನ್ನು ಫೋಟೋ ತೆಗೆದು ಕಳಿಸುತ್ತಾನೆ. ಲಾರಿ ಓಡಿಸುವವನು ರಾತ್ರಿ ಎಷ್ಟು ಟ್ರಿಪ್ಪು ಅದಿರು ಹೋಯಿತೆಂದು ಬರೆಯಿಸುತ್ತಾನೆ. ಸಮೀಕ್ಷೆಗೆ ಹೋದ ಸಂಶೋಧಕಿ ವರದಿಯಿಂದ ಕೈಬಿಡಲಾದ ಪುಟಗಳನ್ನು ಲಗತ್ತಿಸುತ್ತಾಳೆ. ಆ ಪತ್ರಗಳು ಎಲ್ಲಿವೆ? ಹತ್ತು ವರ್ಷ ಹಳೆಯ ಉಚಿತ ಖಾತೆಯಲ್ಲಿ. ಅದರ ಗುಪ್ತಪದ ಸಮಿತಿಯ ಏಳು ಮಂದಿಗೂ ಗೊತ್ತು. ಪೇಟೆಯ ಸೈಬರ್ ಕೇಂದ್ರದ ಗಣಕದಲ್ಲಿ ಅದು ನೆನಪಾಗಿ ಉಳಿದಿದ್ದರೂ ಅಚ್ಚರಿಯಿಲ್ಲ.

ಮಿಂಚಂಚೆಯನ್ನು ಹಿಂದೆ ಪೋಸ್ಟ್ ಕಾರ್ಡಿಗೆ ಹೋಲಿಸುತ್ತಿದ್ದರು. ಈಗ ಆ ಹೋಲಿಕೆಯನ್ನು ಸ್ವಲ್ಪ ತಿದ್ದಬೇಕು. ದೊಡ್ಡ ಸೇವಾಸಂಸ್ಥೆಗಳ ನಡುವೆ ಪತ್ರ ಈಗ ದಾರಿಯುದ್ದಕ್ಕೂ ಮುಸುಕು ಹಾಕಿಕೊಂಡೇ ಸಾಗುತ್ತದೆ. ಆದರೆ ಎರಡೂ ತುದಿಯ ಅಂಚೆಮನೆಗಳಲ್ಲಿ ಮುಸುಕು ತೆಗೆದು ಕೂರುತ್ತದೆ, ವರ್ಷಗಟ್ಟಲೆ ಅಲ್ಲೇ ಕೂತಿರುತ್ತದೆ. ಗುಪ್ತಪದ ಕದ್ದವನೂ ಸಂಸ್ಥೆಗೆ ಆದೇಶ ಕಳಿಸಿದವನೂ ಅದನ್ನು ಸರಾಗವಾಗಿ ಓದಬಹುದು.

ಈ ಮಾತೆತ್ತಿದಾಗ ಹಿರಿಯ ಹೋರಾಟಗಾರರಿಂದ ಬರುವ ಮೊದಲ ಉತ್ತರ ಗೌರವಕ್ಕೆ ಅರ್ಹವಾದದ್ದು. ‘ಚಳವಳಿ ಬಯಲಿನಲ್ಲಿ ನಡೆಯುವಂಥದ್ದು, ಮುಚ್ಚಿಡುವುದೇನಿದೆ?’ ಎಂದು ಅವರು ಕೇಳುತ್ತಾರೆ. ಗಾಂಧೀಜಿ ಉಪ್ಪಿನ ಸತ್ಯಾಗ್ರಹಕ್ಕೆ ಹೊರಡುವ ಮುನ್ನ 1930ರ ಮಾರ್ಚ್ 2ರಂದು ವೈಸರಾಯ್ ಇರ್ವಿನ್ ಅವರಿಗೆ ಪತ್ರ ಬರೆದು ತಾವು ಮಾಡಲಿರುವುದನ್ನೆಲ್ಲ ತಿಳಿಸಿದ್ದನ್ನು ನೆನಪಿಸುತ್ತಾರೆ. 1983ರಲ್ಲಿ ಶಿರಸಿ ಸೀಮೆಯ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡಾಗಲೂ ಹಾಡುಹಗಲಿನಲ್ಲೇ ಅಪ್ಪಿಕೊಂಡರು. ಇದೆಲ್ಲ ನಿಜ. ಆದರೆ ಗಾಂಧೀಜಿ ಬಯಲು ಮಾಡಿದ್ದು ತಮ್ಮ ನಡೆಯನ್ನು, ತಮ್ಮ ಹೆಸರಿನಲ್ಲಿ. ಮತ್ತೊಬ್ಬ ನಂಬಿ ಹೇಳಿದ್ದನ್ನು ಬೀದಿಗಿಡುವುದಕ್ಕೆ ಆ ಉದಾಹರಣೆಯಲ್ಲಿ ಆಧಾರವಿಲ್ಲ. ಮರ ಅಪ್ಪಿಕೊಂಡವನು ಲಾಠಿಗೆ ಬೆನ್ನು ಕೊಡಲು ತಾನೇ ನಿರ್ಧರಿಸಿದವನು. ಕಡತದ ಪುಟ ಕಳಿಸಿದ ಗುಮಾಸ್ತ ಹಾಗೆ ನಿರ್ಧರಿಸಿಲ್ಲ. ಅವನಿಗೆ ವರ್ಗಾವಣೆಯ ಭಯವಿದೆ, ಮನೆಯಲ್ಲಿ ಓದುವ ಮಕ್ಕಳಿದ್ದಾರೆ. ಅವನ ಪರವಾಗಿ ಧೈರ್ಯಶಾಲಿಯಾಗುವ ಹಕ್ಕನ್ನು ಸಮಿತಿಯ ಅಧ್ಯಕ್ಷರಿಗೆ ಯಾರು ಕೊಟ್ಟರು?

ಎರಡನೆಯ ಉತ್ತರ ಮೊದಲನೆಯದರಷ್ಟು ಉದಾತ್ತವಲ್ಲ. ‘ಹಳ್ಳಿಯ ಸಂಘದ ಪತ್ರ ಓದಲು ಯಾರಿಗೆ ಪುರಸೊತ್ತಿದೆ?’ ಎಂಬುದು ಅದು. ಪುರಸೊತ್ತಿರುವವರು ಇದ್ದಾರೆ, ಮಜೂರಿಗೂ ಸಿಗುತ್ತಾರೆ. ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್ 2020ರ ಜೂನ್‌ನಲ್ಲಿ ಒಂದು ವರದಿ ಪ್ರಕಟಿಸಿತು. ಅಮೆರಿಕದಲ್ಲಿ ಎಕ್ಸಾನ್ ತೈಲ ಕಂಪನಿಯ ವಿರುದ್ಧ ಹವಾಮಾನದ ವಿಷಯದಲ್ಲಿ ಪ್ರಚಾರ ನಡೆಸುತ್ತಿದ್ದ ಸಂಘಟನೆಗಳ ಕಾರ್ಯಕರ್ತರಿಗೆ ಮೋಸದ ಮಿಂಚಂಚೆಗಳನ್ನು ಕಳಿಸಿ ಅವರ ಗುಪ್ತಪದ ಕದಿಯುವ ಯತ್ನ ವ್ಯವಸ್ಥಿತವಾಗಿ ನಡೆದಿತ್ತೆಂದು ಅದು ವಿವರಿಸಿತು. ಗ್ರೀನ್‌ಪೀಸ್, 350.ಆರ್ಗ್ ಮುಂತಾದವು ಆ ಪಟ್ಟಿಯಲ್ಲಿದ್ದವು. ಕೈಚಳಕ ತೋರಿಸಿದ್ದು ವಾಷಿಂಗ್ಟನ್ನಿನ ಬೇಹುಗಾರರೇನಲ್ಲ. ದಿಲ್ಲಿಯ ಖಾಸಗಿ ಕಂಪನಿಯೊಂದು ಎಂದು ವರದಿ ಬೊಟ್ಟುಮಾಡಿತು. ಆ ಕಂಪನಿ ಅದನ್ನು ಅಲ್ಲಗಳೆಯಿತು. ಯಾರು ಹಣ ಕೊಟ್ಟರೆಂಬುದನ್ನು ವರದಿ ಹೇಳಲಿಲ್ಲ. ಅಂತೂ ಪರಿಸರ ಸಂಘಟನೆಯ ಪತ್ರಪೆಟ್ಟಿಗೆ ತೆರೆಯುವುದು ಒಂದು ದಂಧೆಯಾಗಿದೆ. ಆ ದಂಧೆಯ ಅಂಗಡಿ ಇದೇ ದೇಶದಲ್ಲಿದೆ.

ಸರ್ಕಾರದ ಕಡೆಯ ಕಥೆಯೂ ತಿಳಿದದ್ದೇ. ಪರಿಸರ ಪರಿಣಾಮ ಅಧಿಸೂಚನೆಯ 2020ರ ಕರಡಿಗೆ ಆಕ್ಷೇಪಣೆಗಳು ಕೇಂದ್ರ ಸಚಿವರ ಮಿಂಚಂಚೆಗೆ ರಾಶಿ ಬಿದ್ದಾಗ, ಅದೇ ಜುಲೈನಲ್ಲಿ ಫ್ರೈಡೇಸ್ ಫಾರ್ ಫ್ಯೂಚರ್‌ನ ಭಾರತೀಯ ಜಾಲತಾಣವನ್ನು ಮುಚ್ಚಿಸಲಾಯಿತು. ದಿಲ್ಲಿ ಪೊಲೀಸರ ನೋಟಿಸಿನಲ್ಲಿ ಭಯೋತ್ಪಾದನೆ ತಡೆಯುವ ಕಾಯ್ದೆಯ ಉಲ್ಲೇಖವಿತ್ತು. ಅದು ಕಣ್ತಪ್ಪಿನಿಂದ ಆದದ್ದೆಂದು ಆಮೇಲೆ ಹೇಳಿದರು. ಆಕ್ಷೇಪಣೆ ಕೇಳಿದವರೇ ಆಕ್ಷೇಪಣೆ ಹೆಚ್ಚಾಯಿತೆಂದು ಪೊಲೀಸರನ್ನು ಕರೆದ ವಿಚಿತ್ರವಿದು! 2021ರ ಫೆಬ್ರವರಿಯಲ್ಲಿ ಬೆಂಗಳೂರಿನ ದಿಶಾ ರವಿಯವರ ಬಂಧನವಾದದ್ದು ಹಂಚಿಕೊಂಡು ಬರೆದ ಒಂದು ಕಡತದ ಕಾರಣಕ್ಕೆ. ಆ ಕಡತವಿದ್ದದ್ದು ಗೂಗಲ್‌ನ ಗಣಕದಲ್ಲಿ. ಪೊಲೀಸರು ವಿವರ ಕೇಳಿ ಬರೆದದ್ದೂ ಗೂಗಲ್‌ಗೇ.

ಹಾಗಾದರೆ ಬೀಗ ಎಲ್ಲಿ ಸಿಗುತ್ತದೆ? ಚಳವಳಿಯ ಬೀರುವಿನಲ್ಲೇ ಇದೆ, ಮೂವತ್ತು ವರ್ಷಗಳಿಂದ ಧೂಳು ತಿನ್ನುತ್ತಿದೆ. ಅಮೆರಿಕದ ಕೊಲೊರಾಡೊದಲ್ಲಿ ಅಣ್ವಸ್ತ್ರ ವಿರೋಧಿ ಚಳವಳಿಯಲ್ಲಿ ದುಡಿದ ಫಿಲ್ ಝಿಮ್ಮರ್‌ಮನ್ 1991ರಲ್ಲಿ ಪಿಜಿಪಿ ಎಂಬ ತಂತ್ರಾಂಶ ಬರೆದರು. ಅದನ್ನು ಮೊದಲು ಕಳಿಸಿದ್ದು ಶಾಂತಿ ಕಾರ್ಯಕರ್ತರು ಬಳಸುತ್ತಿದ್ದ ಪೀಸ್‌ನೆಟ್ ಎಂಬ ಜಾಲಕ್ಕೆ. ಬ್ಯಾಂಕಿಗಾಗಿಯೋ ಸೈನ್ಯಕ್ಕಾಗಿಯೋ ಹುಟ್ಟಿದ ಸಾಧನವಲ್ಲ ಅದು. ಕೈಗಾ ವಿರೋಧಿ ಹೋರಾಟ ಕಂಡ ಸೀಮೆಯವರಿಗೆ ಇದು ಆಪ್ತವೆನಿಸಬೇಕು. ಗೂಢಲಿಪಿಯನ್ನು ಆಗ ಶಸ್ತ್ರಾಸ್ತ್ರಗಳ ಪಟ್ಟಿಗೆ ಸೇರಿಸಿದ್ದ ಅಮೆರಿಕ ಸರ್ಕಾರ, ಅಕ್ರಮ ರಫ್ತಿನ ಶಂಕೆಯ ಮೇಲೆ ಝಿಮ್ಮರ್‌ಮನ್ ವಿರುದ್ಧ ತನಿಖೆ ನಡೆಸಿ 1996ರ ಆರಂಭದಲ್ಲಿ ಕೈಬಿಟ್ಟಿತು. ನಡುವೆ ಒಂದು ಸ್ವಾರಸ್ಯ ನಡೆಯಿತು. ಫ್ಲಾಪಿಯಲ್ಲಿ ಗಡಿ ದಾಟಿದರೆ ಶಸ್ತ್ರಾಸ್ತ್ರವೆನ್ನಬಹುದು, ಪುಸ್ತಕವನ್ನು ಹಾಗೆನ್ನುವುದು ಕಷ್ಟ. ಆದ್ದರಿಂದ 1995ರಲ್ಲಿ ಎಂಐಟಿ ಪ್ರೆಸ್ ಇಡೀ ತಂತ್ರಾಂಶದ ಮೂಲಬರಹವನ್ನು ಪುಸ್ತಕವಾಗಿ ಅಚ್ಚುಹಾಕಿತು. ಕಾಗದದ ಶಕ್ತಿಯ ಬಗ್ಗೆ ಅನುಮಾನವಿರುವವರು ಇದನ್ನು ನೆನಪಿಡಬೇಕು.

ಅದೇ ವಿಧಾನವನ್ನು ಯಾರ ಒಡೆತನಕ್ಕೂ ಸೇರದ ಮುಕ್ತ ತಂತ್ರಾಂಶವಾಗಿ ಕಟ್ಟಿಕೊಟ್ಟವರು ಜರ್ಮನಿಯ ವರ್ನರ್ ಕಾಖ್. ಅವರ ಗ್ನೂಪಿಜಿ 1997ರಲ್ಲಿ ಮೊಳೆತು 1999ರಲ್ಲಿ ಮೊದಲ ಪೂರ್ಣ ಆವೃತ್ತಿಯಾಗಿ ಹೊರಬಂತು. ಮೂಲಬರಹ ಎಲ್ಲರ ಕಣ್ಣೆದುರು ಇದೆ. ಯಾರು ಬೇಕಾದರೂ ಓದಬಹುದು, ತಪ್ಪು ಹಿಡಿಯಬಹುದು, ತಿದ್ದಬಹುದು. ಜಗತ್ತಿನ ಪತ್ರಕರ್ತರೂ ಹೋರಾಟಗಾರರೂ ನೆಚ್ಚಿಕೊಂಡ ಈ ತಂತ್ರಾಂಶದ ಕರ್ತೃ 2015ರ ಆರಂಭದಲ್ಲಿ ಹಣವಿಲ್ಲದೆ ಕೆಲಸ ನಿಲ್ಲಿಸುವ ಅಂಚಿನಲ್ಲಿದ್ದರು. ಸುದ್ದಿ ಹೊರಬಿದ್ದ ಮೇಲೆ ದೇಣಿಗೆ ಹರಿಯಿತು. ಕಾಯುವವನಿಗೆ ಕೂಲಿ ಕೊಡಲು ಊರು ಮರೆಯುವುದು ದೇವರಕಾಡಿಗೆ ಮಾತ್ರ ಸೀಮಿತವಾದ ಕಥೆಯಲ್ಲ.

ಇದರ ತತ್ತ್ವ ಸರಳ. ಪ್ರತಿಯೊಬ್ಬರಿಗೂ ಜೋಡಿ ಕೀಲಿ. ಒಂದು ಬಹಿರಂಗ ಕೀಲಿ, ಇನ್ನೊಂದು ಖಾಸಗಿ ಕೀಲಿ. ಬಹಿರಂಗ ಕೀಲಿಯಿಂದ ಬೀಗ ಹಾಕಬಹುದು, ತೆಗೆಯಲಾಗದು. ತೆಗೆಯುವುದು ಖಾಸಗಿ ಕೀಲಿಗಷ್ಟೇ ಸಾಧ್ಯ. ಆದ್ದರಿಂದ ಬಹಿರಂಗ ಕೀಲಿಯನ್ನು ಊರಿಗೆಲ್ಲ ಹಂಚಬೇಕು, ಖಾಸಗಿಯದನ್ನು ಯಾರಿಗೂ ಕೊಡಬಾರದು. ದೇವಸ್ಥಾನದ ಹುಂಡಿಗೆ ಕಾಣಿಕೆ ಹಾಕಲು ಯಾರ ಅಪ್ಪಣೆಯೂ ಬೇಡ, ಹುಂಡಿ ತೆರೆಯುವ ಕೈ ಮಾತ್ರ ಬೇರೆ, ಹಾಗೆ. ಸ್ಥಾಪನೆಯೂ ಹಿಂದಿನಷ್ಟು ತಲೆಬೇನೆಯದಲ್ಲ. ಮೊದಲು ಥಂಡರ್‌ಬರ್ಡ್ ಎಂಬ ಅಂಚೆ ತಂತ್ರಾಂಶ, ಅದಕ್ಕೆ ಎನಿಗ್‌ಮೇಲ್ ಎಂಬ ಸೇರ್ಪಡೆ, ಅದರಡಿಯಲ್ಲಿ ಗ್ನೂಪಿಜಿ ಎಂದು ಮೂರು ಮೆಟ್ಟಿಲು ಹತ್ತಬೇಕಿತ್ತು. 2020ರ 78ನೇ ಆವೃತ್ತಿಯಿಂದ ಥಂಡರ್‌ಬರ್ಡ್ ಒಳಗೇ ಈ ಸೌಲಭ್ಯ ಬಂದಿದೆ. ಅದನ್ನು ಸ್ಥಾಪಿಸಿ, ಈಗಿರುವ ಅಂಚೆ ಖಾತೆಯನ್ನೇ ಅದಕ್ಕೆ ಜೋಡಿಸಿ, ಖಾತೆಯ ಸಿದ್ಧತೆಯ ಪುಟದಲ್ಲಿ ಗೂಢಲಿಪಿಯ ವಿಭಾಗಕ್ಕೆ ಹೋಗಿ ಹೊಸ ಕೀಲಿ ಸೃಷ್ಟಿಸಿದರೆ ಕೆಲಸದ ಅರ್ಧ ಮುಗಿಯಿತು. ವಿಳಾಸ ಬದಲಿಸಬೇಕಿಲ್ಲ, ಹಣ ಕೊಡಬೇಕಿಲ್ಲ. ಯುನಿಕೋಡಿನಲ್ಲಿ ಬರೆದ ಕನ್ನಡ ಪತ್ರ ಹಾಗೆಯೇ ಬೀಗದೊಳಗೆ ಹೋಗಿ ಹಾಗೆಯೇ ಹೊರಬರುತ್ತದೆ.

ಉಳಿದರ್ಧವೇ ನಿಜವಾದ ಕೆಲಸ, ಸಂಘಟನೆಗಳು ಸೋಲುವುದೂ ಅಲ್ಲಿಯೇ. ತರಬೇತಿ ಶಿಬಿರ ನಡೆಯುತ್ತದೆ, ಪೇಟೆಯಿಂದ ಬಂದ ಯುವಕ ಎಲ್ಲರ ಮಡಿಲುಗಣಕದಲ್ಲೂ ಕೀಲಿ ಮಾಡಿಕೊಟ್ಟು ಹೋಗುತ್ತಾನೆ, ಫೋಟೋ ತೆಗೆಯಲಾಗುತ್ತದೆ. ಮೂರು ತಿಂಗಳಿಗೆ ಗಣಕ ಕೆಡುತ್ತದೆ, ದುರಸ್ತಿಯವನು ಎಲ್ಲವನ್ನೂ ಅಳಿಸಿ ಹೊಸದಾಗಿ ತುಂಬಿಕೊಡುತ್ತಾನೆ, ಖಾಸಗಿ ಕೀಲಿ ಅದರೊಂದಿಗೇ ಅಳಿಯುತ್ತದೆ. ಆ ಕೀಲಿಗೆ ಬಂದ ಹಳೆಯ ಪತ್ರವೊಂದನ್ನೂ ಇನ್ನು ಯಾರೂ ತೆರೆಯಲಾರರು. ತಂತ್ರಾಂಶ ಬರೆದವನೂ ತೆರೆಯಲಾರ, ನ್ಯಾಯಾಲಯವೂ ತೆರೆಯಲಾಗದು. ಬೀಗ ಗಟ್ಟಿಯಾಗಿರುವುದರ ಬೆಲೆ ಅದು. ಹಾಗಾಗಿ ಕೀಲಿ ಹುಟ್ಟಿದ ದಿನವೇ ಅದರ ನಕಲನ್ನು ಉದ್ದನೆಯ ಗುಪ್ತಪದದ ರಕ್ಷಣೆಯಲ್ಲಿ ಕಡತವಾಗಿ ತೆಗೆದು ಎರಡು ಪೆನ್‌ಡ್ರೈವ್‌ಗಳಲ್ಲಿ ಇಡಬೇಕು. ಎರಡೂ ಒಂದೇ ಮನೆಯಲ್ಲಿರಬಾರದು. ಮಲೆನಾಡಿನ ಮಳೆಗಾಲ ನಾಗಂದಿಗೆಯ ಮೇಲಿಟ್ಟ ಯಾವುದನ್ನೂ ಬಿಡುವುದಿಲ್ಲವಾದ್ದರಿಂದ ಗಾಳಿಯಾಡದ ಡಬ್ಬಿಯಲ್ಲಿಟ್ಟು ವರ್ಷಕ್ಕೊಮ್ಮೆ ತೆರೆದು ನೋಡಬೇಕು.

ಥಂಡರ್‌ಬರ್ಡ್‌ಗೆ ಪ್ರಧಾನ ಗುಪ್ತಪದವೊಂದನ್ನು ಕೊಡದೆ ಬಿಟ್ಟರೆ ಗಣಕದ ಮುಂದೆ ಕೂತ ಯಾರಾದರೂ ಖಾಸಗಿ ಕೀಲಿಯನ್ನು ಬಳಸಬಹುದು. ಅನೇಕರು ಈ ಒಂದು ಹೆಜ್ಜೆಯನ್ನು ಬಿಡುತ್ತಾರೆ. ಬೀರುವಿಗೆ ಉಕ್ಕಿನ ಬೀಗ ಹಾಕಿ ಕೀಲಿಯನ್ನು ಅದಕ್ಕೇ ನೇತುಹಾಕಿದ ಹಾಗೆ. ಕೀಲಿಗೆ ಅವಧಿಯೊಂದು ಇರುತ್ತದೆ, ಥಂಡರ್‌ಬರ್ಡ್ ತಾನಾಗಿ ಮೂರು ವರ್ಷ ಎಂದಿಡುತ್ತದೆ. ಅವಧಿ ಮುಗಿದರೆ ಗಾಬರಿ ಬೇಡ. ಖಾಸಗಿ ಕೀಲಿ ಕೈಯಲ್ಲಿದ್ದರೆ ಅವಧಿಯನ್ನು ವಿಸ್ತರಿಸಿ ಬಹಿರಂಗ ಕೀಲಿಯನ್ನು ಮತ್ತೆ ಹಂಚಿದರಾಯಿತು. ಕೀಲಿ ಕಳವಾದರೆ ಅದು ಸತ್ತಿತೆಂದು ಜಗತ್ತಿಗೆ ಸಾರಲು ರದ್ದತಿ ಪತ್ರ ಬೇಕು. ಗ್ನೂಪಿಜಿ ಬಳಸುವವರಿಗೆ ಅದು ಕೀಲಿಯ ಜೊತೆಗೇ ಸಿದ್ಧವಾಗಿರುತ್ತದೆ. ಅದನ್ನು ಬೇರೆಡೆ ಕಾದಿಡಬೇಕು. ಇನ್ನು ಸಮಿತಿಯ ಹೆಸರಿನ ಸಾಮೂಹಿಕ ಕೀಲಿ ಎಂಬುದು ಜಗಳದ ಮೂಲ. ಏಳು ಮಂದಿಯ ಕೈಯಲ್ಲಿರುವ ಖಾಸಗಿ ಕೀಲಿ ಖಾಸಗಿಯಲ್ಲ. ಇಬ್ಬರಿಗೆ ಸೀಮಿತಗೊಳಿಸಿ, ಅವರಲ್ಲೊಬ್ಬರು ಹುದ್ದೆ ಬಿಟ್ಟ ದಿನವೇ ಹೊಸ ಕೀಲಿ ಮಾಡಬೇಕು. ಬಿಟ್ಟವರ ಮೇಲಿನ ಅಪನಂಬಿಕೆ ಅದಕ್ಕೆ ಕಾರಣವಲ್ಲ. ನಾಳೆ ಸೋರಿಕೆಯಾದರೆ ಅವರ ಮೇಲೆ ಸಂಶಯ ಬೀಳಬಾರದಲ್ಲ!

ಎಲ್ಲಕ್ಕಿಂತ ಹೆಚ್ಚು ಕಡೆಗಣಿಸಲ್ಪಡುವುದು ಬೆರಳಚ್ಚು. ‘ಇದು ಸಮಿತಿಯ ಕೀಲಿ’ ಎಂದು ಬಂದ ಕೀಲಿ ಸಮಿತಿಯದ್ದೇ ಎಂಬುದಕ್ಕೆ ಸಾಕ್ಷಿಯೇನು? ಯಾವ ಹೆಸರಿನಲ್ಲಿ, ಯಾವ ವಿಳಾಸದಲ್ಲಿ ಬೇಕಾದರೂ ಯಾರೂ ಕೀಲಿ ಸೃಷ್ಟಿಸಬಹುದು. ಕಂಪನಿಯ ಕಡೆಯವನೊಬ್ಬ ಸುಳ್ಳು ಕೀಲಿ ಹಬ್ಬಿಸಿ, ಸಮಿತಿಗೆ ಹೋಗಬೇಕಾದ ಪತ್ರಗಳಿಗೆ ತನ್ನದೇ ಬೀಗ ಹಾಕಿಸಿಕೊಂಡರೆ, ಬೀಗವಿಲ್ಲದ ಪತ್ರಕ್ಕಿಂತ ಅದು ಅಪಾಯಕಾರಿ. ಏಕೆಂದರೆ ಬರೆಯುವವನು ನಿಶ್ಚಿಂತನಾಗಿ ಎಲ್ಲವನ್ನೂ ಬರೆಯುತ್ತಾನೆ. ಅದಕ್ಕೇ ಪ್ರತಿ ಕೀಲಿಗೂ 40 ಅಂಕಿ-ಅಕ್ಷರಗಳ ಬೆರಳಚ್ಚು ಇದೆ. ಎದುರಾ ಎದುರು ಕೂತೋ, ಪರಿಚಿತ ಧ್ವನಿಯನ್ನು ಫೋನಿನಲ್ಲಿ ಕೇಳುತ್ತಲೋ ಅದನ್ನು ಹೋಲಿಸಿ ನೋಡದ ಹೊರತು ಆ ಕೀಲಿಯನ್ನು ನಂಬಬಾರದು.

ಇಷ್ಟೆಲ್ಲ ಮಾಡಿದರೂ ಉಳಿಯುವ ಕಂಡಿಗಳನ್ನು ಮುಚ್ಚಿಟ್ಟು ಮಾತಾಡುವುದು ಪ್ರಾಮಾಣಿಕವಲ್ಲ. ಬೀಗ ಬೀಳುವುದು ಪತ್ರದ ಒಡಲಿಗೆ. ಯಾರು ಯಾರಿಗೆ ಯಾವ ಹೊತ್ತಿನಲ್ಲಿ ಬರೆದರು ಎಂಬುದು ಹೊರಗೇ ಉಳಿಯುತ್ತದೆ. ವಿಷಯದ ಸಾಲನ್ನೂ ಎಲ್ಲ ತಂತ್ರಾಂಶಗಳು ಮುಚ್ಚುವುದಿಲ್ಲ. ಸ್ವಿಟ್ಜರ್‌ಲೆಂಡಿನ ಪ್ರೋಟಾನ್‌ಮೇಲ್ ಸಂಸ್ಥೆ ಪ್ಯಾರಿಸ್‌ನ ಹವಾಮಾನ ಕಾರ್ಯಕರ್ತರ ಐಪಿ ವಿಳಾಸವನ್ನು ಕಾನೂನಿನ ಆದೇಶದ ಮೇರೆಗೆ ಒಪ್ಪಿಸಿದ್ದು 2021ರಲ್ಲಿ ಬಯಲಾಯಿತು. ಪತ್ರಗಳ ಒಡಲನ್ನು ಅದು ಕೊಡಲಿಲ್ಲ, ಕೊಡುವುದು ಅದಕ್ಕೆ ಸಾಧ್ಯವೂ ಇರಲಿಲ್ಲ. ಬೀಗದ ಬಲವೂ ಮಿತಿಯೂ ಆ ಒಂದೇ ಪ್ರಕರಣದಲ್ಲಿ ಕಾಣುತ್ತದೆ. ಗಣಕವೇ ಶತ್ರುವಿನ ವಶವಾದರೆ ಯಾವ ಕೀಲಿಯೂ ಕಾಯದು. ಭೀಮಾ ಕೋರೆಗಾಂವ್ ಪ್ರಕರಣದ ಆರೋಪಿ ರೋನಾ ವಿಲ್ಸನ್ ಅವರ ಮಡಿಲುಗಣಕದೊಳಕ್ಕೆ ಕುತಂತ್ರಾಂಶದ ಮೂಲಕ ನುಸುಳಿ ಕಡತಗಳನ್ನು ಇರಿಸಲಾಗಿತ್ತೆಂದು ಅಮೆರಿಕದ ಆರ್ಸೆನಲ್ ಸಂಸ್ಥೆ 2021ರಲ್ಲಿ ವರದಿ ಕೊಟ್ಟದ್ದನ್ನು ಮರೆಯಬಾರದು. ಗೊತ್ತಿಲ್ಲದ ಲಗತ್ತನ್ನು ತೆರೆಯುವ ಚಪಲ ಬಿಡದವರಿಗೆ ಗ್ನೂಪಿಜಿಯಿಂದ ಪ್ರಯೋಜನ ಕಡಿಮೆ. ಒಮ್ಮೆ ಖಾಸಗಿ ಕೀಲಿ ಗುಪ್ತಪದದ ಸಮೇತ ಕೈಬಿಟ್ಟರೆ ಅದಕ್ಕೆ ಬಂದ ಹಳೆಯ ಪತ್ರಗಳೆಲ್ಲ ಒಟ್ಟಿಗೇ ತೆರೆದುಕೊಳ್ಳುತ್ತವೆ ಎಂಬುದೂ ನಿಜ. ಆದರೆ ದಿಲ್ಲಿಯ ಬಾಡಿಗೆ ಕಳ್ಳರ ವಿಧಾನವನ್ನೇ ನೋಡಿ. ಅಂಚೆ ಖಾತೆಯ ಗುಪ್ತಪದವೊಂದೇ ಕದ್ದವನಿಗೆ ಅಲ್ಲಿ ಸಿಗುವುದು ಅರ್ಥವಾಗದ ಅಕ್ಷರಗಳ ರಾಶಿ ಮಾತ್ರ; ಕೀಲಿಯಿರುವುದು ಮನೆಯ ಗಣಕದಲ್ಲಿ.

ಕಷ್ಟ ಎಂಬ ದೂರಿಗೆ ಆಧಾರವಿಲ್ಲದಿಲ್ಲ. 1999ರಲ್ಲಿ ಅಲ್ಮಾ ವಿಟನ್ ಮತ್ತು ಟೈಗರ್ ಎಂಬ ಸಂಶೋಧಕರು ಅಮೆರಿಕದಲ್ಲಿ 12 ಮಂದಿಗೆ ಪಿಜಿಪಿ ಕೊಟ್ಟು 90 ನಿಮಿಷ ಕಾದರು. ಸರಿಯಾಗಿ ಬೀಗ ಹಾಕಿ ಕಳಿಸಿದವರು ಮೂರರಲ್ಲೊಂದು ಪಾಲು. ಎಡ್ವರ್ಡ್ ಸ್ನೋಡೆನ್ 2012ರ ಕೊನೆಯಲ್ಲಿ ಪತ್ರಕರ್ತ ಗ್ಲೆನ್ ಗ್ರೀನ್‌ವಾಲ್ಡ್ ಅವರನ್ನು ಪಿಜಿಪಿ ಹಾಕಿಕೊಳ್ಳಿರೆಂದು ಬೇಡಿಕೊಂಡರೂ ಅವರು ಅದನ್ನು ಮಾಡದೆ ಮುಂದೂಡಿದರು. ಶತಮಾನದ ಸುದ್ದಿ ಬಾಗಿಲಿಗೆ ಬಂದು ನಿಂತಿತ್ತು! ಅದು ಮೊದಲು ಹೋದದ್ದು ಕೀಲಿ ಸಿದ್ಧವಿಟ್ಟುಕೊಂಡಿದ್ದ ಲಾರಾ ಪೋಯ್ಟ್ರಸ್ ಬಳಿಗೆ. ಘಟ್ಟದ ಯಾವ ಸಮಿತಿಯ ಬಾಗಿಲಿಗೆ ಬಂದು, ಬೀಗವಿಲ್ಲವೆಂದು ಎಷ್ಟು ಮಂದಿ ಹಾಗೆಯೇ ಮರಳಿದರೋ, ಲೆಕ್ಕವಿಟ್ಟವರು ಯಾರು? ವಾಟ್ಸಾಪ್ ಇದೆಯಲ್ಲ ಎನ್ನುವವರಿದ್ದಾರೆ. ಅದರ ಮಾತುಕತೆಗೂ 2016ರಿಂದ ಬೀಗವಿದೆ, ನಾಲ್ಕು ಮಾತಿಗೆ ಸಿಗ್ನಲ್ ಅದಕ್ಕಿಂತ ಮೇಲು. ಆದರೆ ಎರಡರಲ್ಲೂ ಖಾತೆ ತೆರೆಯಲು ಫೋನ್ ಸಂಖ್ಯೆ ಬೇಕು. ವಕೀಲರಿಗೆ ಹೋಗುವ ನೂರು ಪುಟದ ದಾವೆ, ನಕ್ಷೆ, ವರ್ಷಾಂತರದ ಪತ್ರವ್ಯವಹಾರ ಮಿಂಚಂಚೆಯಲ್ಲೇ ಇದೆ.

ಕಾನೂನಿನ ಮಾತು ಸ್ಪಷ್ಟವಿರಬೇಕು. ಪತ್ರಕ್ಕೆ ಬೀಗ ಹಾಕುವುದು ಭಾರತದಲ್ಲಿ ಅಪರಾಧವಲ್ಲ. ಬರೆದ ಪತ್ರದ ಬಿಡಿಪ್ರತಿಯನ್ನು 90 ದಿನ ಇಟ್ಟುಕೊಳ್ಳಬೇಕೆಂದು ಕೇಂದ್ರ ಸರ್ಕಾರ 2015ರ ಸೆಪ್ಟೆಂಬರಿನಲ್ಲಿ ಕರಡು ನೀತಿಯೊಂದನ್ನು ತಂದಿತ್ತು. ಜನ ಸಿಡಿದೆದ್ದದ್ದೇ ಕೆಲವು ದಿನಗಳಲ್ಲಿ ಹಿಂತೆಗೆದುಕೊಂಡಿತು. ಆದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ನೇ ಕಲಂ ಪ್ರಕಾರ ಅಧಿಕೃತ ಸಂಸ್ಥೆ ಬೀಗ ತೆಗೆದುಕೊಡಲು ಆದೇಶಿಸಬಹುದು, ಒಪ್ಪದವರಿಗೆ ಏಳು ವರ್ಷದವರೆಗೆ ಸೆರೆವಾಸವಿದೆ. ಆ ಆದೇಶ ಬಂದಾಗ ಏನು ಮಾಡಬೇಕೆಂಬುದನ್ನು ಸಮಿತಿ ಮೊದಲೇ ವಕೀಲರೊಡನೆ ಕೂತು ತೀರ್ಮಾನಿಸಿಕೊಳ್ಳಲಿ. ಬೀಗವಿದ್ದಾಗ ಆದೇಶ ಸಮಿತಿಯ ಬಾಗಿಲಿಗೆ ಬರುತ್ತದೆ, ಪ್ರಶ್ನಿಸಲು ಅವಕಾಶವಿರುತ್ತದೆ. ಇಲ್ಲದಾಗ ಸೇವಾಸಂಸ್ಥೆಗೆ ಹೋಗುತ್ತದೆ, ಸಮಿತಿಗೆ ಸುಳಿವೂ ಸಿಗುವುದಿಲ್ಲ. ಖಾಸಗಿತನ ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಕ್ಕೊರಲಿನಿಂದ ಹೇಳಿದ ತೀರ್ಪಿಗೆ ಹೆಸರು ಬಂದದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರಿಂದ. ಅವರು ಎಂಬತ್ತು ದಾಟಿದ ವಯಸ್ಸಿನಲ್ಲಿ ಆ ದಾವೆ ಹೂಡಿದ್ದರು. ಮೂವತ್ತರ ಹರೆಯದ ಕಾರ್ಯದರ್ಶಿಗಳು ತಂತ್ರಾಂಶವೊಂದನ್ನು ಹಾಕಿಕೊಳ್ಳಲು ಆಯಾಸವೆನ್ನುತ್ತಾರೆ.

ಅಡಕೆ ಕೊಯ್ಲು ಮುಗಿದು ಮಳೆ ಹಿಡಿಯುವ ಮುಂಚಿನ ಬಿಡುವಿನಲ್ಲಿ ಪ್ರತಿ ಸಮಿತಿಯೂ ಇಬ್ಬರನ್ನು ಆರಿಸಿ ಕೀಲಿ ಮಾಡಿಸಲಿ. ಹಳೆಯ ಖಾತೆಯಲ್ಲಿ ಕೂತಿರುವ ಹೆಸರುಗಳುಳ್ಳ ಪತ್ರಗಳನ್ನು ಇಳಿಸಿಕೊಂಡು ಅಲ್ಲಿಂದ ಅಳಿಸಲಿ. ಕೀಲಿಯ 40 ಅಂಕಿ-ಅಕ್ಷರಗಳನ್ನು ವಾರ್ತಾಪತ್ರದ ಬೆನ್ನಪುಟದಲ್ಲಿ ವಿಳಾಸದ ಕೆಳಗೆ ಪ್ರತಿ ಸಂಚಿಕೆಯಲ್ಲೂ ಅಚ್ಚು ಮಾಡಲಿ. ಜಾಲದಲ್ಲಿರುವುದನ್ನು ರಾತ್ರೋರಾತ್ರಿ ತಿದ್ದಬಹುದು. ಊರೂರಿನ ಮನೆಗಳಲ್ಲಿ ಮೊಳೆಗೆ ಸಿಕ್ಕಿಸಿಟ್ಟ ಹಳೆಯ ಸಂಚಿಕೆಗಳನ್ನು ಒಬ್ಬನೇ ಬಂದು ತಿದ್ದಲಾರ. ಕಡತದ ಪುಟ ಹಿಡಿದು ಹಿಂದೆಮುಂದೆ ನೋಡುತ್ತಿರುವ ಗುಮಾಸ್ತ ಆ ಪುಟವನ್ನು ತೆರೆದು, ತನಗೆ ಬಂದ ಕೀಲಿಯ ಬೆರಳಚ್ಚಿನ ಒಂದೊಂದೇ ಅಕ್ಷರವನ್ನು ಅದರೊಂದಿಗೆ ಹೋಲಿಸಿಕೊಳ್ಳಬಹುದು.